ಇಲ್ಲದ ಕ್ಷೇತ್ರದ ಟೈಪಿಸ್ಟ್

ಶ್ರಾವ್ಯಾ, ತನ್ಮಯ್, ಇಬ್ಬರೂ ಕುಳಿತು ಕೇಳಿ. ಗೋಡೆಯ ಮೇಲಿನ ಪಟದಲ್ಲಿ ಕೋಟು ಹಾಕಿಕೊಂಡು ಗಂಭೀರವಾಗಿ ನಿಂತಿದ್ದಾರಲ್ಲ ನಿಮ್ಮ ಅಜ್ಜ, ಅವರು ಒಂದು ಕಾಲದಲ್ಲಿ ಐರ್ಲೆಂಡ್ ದೇಶದ ಒಂದು ಪಾರ್ಲಿಮೆಂಟ್ ಕ್ಷೇತ್ರವನ್ನು ಒಬ್ಬರೇ ನಡೆಸುತ್ತಿದ್ದರು. ಆ ಕ್ಷೇತ್ರ ರದ್ದಾಗಿ ನೂರು ವರ್ಷವಾಗುತ್ತ ಬಂದಿತ್ತು. ಅದರ ಮತದಾರರೆಲ್ಲ ಸತ್ತು ಮಣ್ಣಾಗಿದ್ದರು. ಐರ್ಲೆಂಡನ್ನು ಅಜ್ಜ ಭೂಪಟದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಇಂಥ ಸಣ್ಣಪುಟ್ಟ ಅಡಚಣೆಗೆಲ್ಲ ಹೆದರುವ ಜನವೇ ಅವರು? ಅದೂ ಎಲ್ಲಿ ಕುಳಿತು ಗೊತ್ತೇ? ಸೌದಿ ಅರೇಬಿಯಾದ ತಾಯಿಫಿನಲ್ಲಿ, ಓಟು ಎಂದರೆ ಅಕ್ಕಪಕ್ಕ ನೋಡಿ ಮಾತಾಡಬೇಕಾದ ಊರಿನಲ್ಲಿ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬದುಕಿದ್ದಾಗ ಒಂದು ದಿನವೂ ಹೆಸರು ಹಿಡಿದು ಕರೆಯದವಳು ಈಗ ಕರೆದರೆ, ಯಾರೋ ಗುರುತಿಲ್ಲದ ಹೆಂಗಸು ಎಂದುಕೊಂಡಾರು. ನನಗೆ ನಾಲ್ಕು ಜನರ ಎದುರು ಮಾತು ಹೊರಡುವುದಿಲ್ಲ. ಊರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತ ಕನ್ನಡವೊಂದೇ ನನ್ನ ಆಸ್ತಿ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಲ್ಲ, ಅದೇ ಧೈರ್ಯ.

ಅಜ್ಜ ತಾಯಿಫಿನ ಒಂದು ಆಸ್ಪತ್ರೆಯಲ್ಲಿ ಟೈಪಿಸ್ಟ್. ಮದುವೆಯಾದ ಮೊದಲ ಆರು ವರ್ಷದಲ್ಲಿ ನಾವು ಒಟ್ಟಿಗಿದ್ದದ್ದು ರಜೆಯ ಐದು ತಿಂಗಳು. ಒಂದು ರಜೆಯಲ್ಲಿ ಅವರು ಮನೆಗೆ ಬಂದು ಬಾಗಿಲಲ್ಲಿ ನಿಂತಾಗ, ಮೂರು ವರ್ಷದ ನಿಮ್ಮ ಅಮ್ಮ ಒಳಗೆ ಓಡಿಬಂದು, "ಅಮ್ಮಾ, ಯಾರೋ ಮಾಮ ಬಂದಿದ್ದಾರೆ" ಎಂದಳು. ಅಜ್ಜ ನಕ್ಕರು. ಚಪ್ಪಲಿ ಬಿಚ್ಚಲು ಮಾತ್ರ ಬಹಳ ಹೊತ್ತು ತೆಗೆದುಕೊಂಡರು.

ಅದರ ಮರುವರ್ಷ ನಮ್ಮಿಬ್ಬರನ್ನೂ ಕರೆಸಿಕೊಂಡರು. ಟೈಪಿಸ್ಟನಿಗೆ ಸಂಸಾರ ತರಿಸುವ ಹಕ್ಕು ಅಲ್ಲಿರಲಿಲ್ಲ. ಆದರೆ ಅವರ ವಿಭಾಗದ ದೊಡ್ಡ ಡಾಕ್ಟರು, "ಇವನಿಲ್ಲದೆ ನನ್ನ ಕೆಲಸ ನಡೆಯದು, ಸಂಸಾರ ಜೊತೆಗಿರಲಿ" ಎಂದು ವರ್ಷಕ್ಕೊಮ್ಮೆ ಒಂದು ಕಾಗದ ಬರೆದುಕೊಟ್ಟರೆ ನಮ್ಮ ಇಕಾಮಾ, ಅಂದರೆ ಅಲ್ಲಿ ಉಳಿಯುವ ಪರವಾನಗಿ, ಮುಂದುವರಿಯುತ್ತಿತ್ತು. ಕಾಗದ ನಿಂತರೆ ನಾನೂ ನಿಮ್ಮ ಅಮ್ಮನೂ ಊರಿಗೆ. ನಮ್ಮ ಇಡೀ ಸಂಸಾರ ಆ ಡಾಕ್ಟರ ಪೆನ್ನಿನ ತುದಿಯಲ್ಲಿ ನಿಂತಿತ್ತು ಎನ್ನಿ.

ಡಾಕ್ಟರು ಐರ್ಲೆಂಡಿನವರು. ಬ್ರಹ್ಮಚಾರಿ, ಕೆಂಪು ಮುಖ, ನಮ್ಮ ಕಡೆಯ ಖಾರದ ಕೋಳಿಸಾರು ಹಾಕಿದ ಕೋರಿರೊಟ್ಟಿ ತಿಂದರೆ ಇನ್ನೂ ಕೆಂಪು. ಅವರ ಸಣ್ಣ ಪೇಟೆಗೆ ಹಿಂದೆ ಪಾರ್ಲಿಮೆಂಟಿನಲ್ಲಿ ಒಂದು ಸ್ವಂತ ಸೀಟು ಇತ್ತಂತೆ. ಸಾವಿರದ ಎಂಟುನೂರ ಎಂಬತ್ತೈದರಲ್ಲಿ, ಇಷ್ಟು ಸಣ್ಣ ಪೇಟೆಗೆ ಸೀಟು ಯಾಕೆ ಎಂದು ಅದನ್ನು ತೆಗೆದು ಜಿಲ್ಲೆಗೆ ಸೇರಿಸಿದರಂತೆ. ನೂರು ವರ್ಷ ತುಂಬುವುದರೊಳಗೆ ಆ ಕ್ಷೇತ್ರದ ಚರಿತ್ರೆ ಬರೆಯಬೇಕೆಂಬುದು ಡಾಕ್ಟರ ಹಟ. ಅವರ ಕೈಬರಹವನ್ನು ಮನೆಯಲ್ಲಿ ಕುಳಿತು ಟೈಪ್ ಮಾಡಿಕೊಡಲು ಅಜ್ಜ ಒಪ್ಪಿಕೊಂಡರು. ಶುರುವಾಯಿತು ನೋಡಿ ನನ್ನ ಗ್ರಹಚಾರ.

ಅಜ್ಜನದ್ದೊಂದು ವ್ರತವಿತ್ತು. ತನಗೆ ಅರ್ಥವಾಗದ್ದನ್ನು ಟೈಪ್ ಮಾಡುವುದಿಲ್ಲ. ಆಸ್ಪತ್ರೆಯಲ್ಲಿ ಈ ವ್ರತ ಎಲ್ಲಿಗೆ ಹೋಗುತ್ತಿತ್ತೋ, ಅಲ್ಲಿ ರಕ್ತ ಮೂತ್ರದ ರಿಪೋರ್ಟುಗಳನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸುತ್ತಿದ್ದರು. ಮನೆಗೆ ಬಂದು ಕ್ಷೇತ್ರದ ಮುಂದೆ ಕುಳಿತರೆ ಮಾತ್ರ ಒಂದು ಸಾಲಿಗೆ ಒಂದು ಸಂಜೆ.

"ಇಲ್ಲಿ ಕೇಳು," ಎನ್ನುತ್ತಿದ್ದರು ನಾನು ಅಕ್ಕಿ ರುಬ್ಬುವಾಗ. "ಮೊದಲು ಆ ಊರಿನಲ್ಲಿ ಓಟಿದ್ದದ್ದು ಹದಿಮೂರು ಜನರಿಗೆ ಮಾತ್ರ."

"ಉಳಿದವರಿಗೆ?"

"ಇಲ್ಲ. ಆ ಹದಿಮೂರು ಜನರೂ ಜಮೀನ್ದಾರನ ಕಡೆಯವರೇ. ಅವನು ಬೆರಳು ತೋರಿಸಿದವನೇ ಮೆಂಬರು. ಒಂದು ಸಲ ಅಳಿಯನಿಗೆ ಕೊಟ್ಟನಂತೆ ಸೀಟನ್ನು."

"ವರದಕ್ಷಿಣೆಯಾ?"

"ಹಾಗೇ ಅಂತ ಇಟ್ಟುಕೋ. ಆ ಮೆಂಬರು ಆ ಊರಿಗೆ ಒಮ್ಮೆಯೂ ಬಂದಿಲ್ಲ ಮಾರಾಯ್ತಿ. ರಸ್ತೆ ಸರಿ ಇಲ್ಲ ಅಂತ ಕಾಗದ ಬರೆದನಂತೆ."

"ರಸ್ತೆ ಸರಿ ಮಾಡಿಸುವುದು ಯಾರ ಕೆಲಸ?"

ಅಜ್ಜ ನನ್ನನ್ನು ಮೆಚ್ಚುಗೆಯಿಂದ ನೋಡಿದರು. "ಇದನ್ನು ಡಾಕ್ಟರ ಹತ್ತಿರ ಕೇಳಲೇಬೇಕು," ಎಂದು ಟೈಪ್ ಮಾಡುವುದನ್ನು ನಿಲ್ಲಿಸಿಯೇ ಬಿಟ್ಟರು. ನನ್ನ ಬಾಯಿಂದ ಒಂದು ಮಾತು ಹೊರಟರೆ ಒಂದು ವಾರದ ಕೆಲಸ ಕೆಟ್ಟಿತು. ಆಮೇಲೆ ನಾನು ರುಬ್ಬುವಾಗ ಬಾಯಿ ಮುಚ್ಚಿಕೊಂಡೇ ರುಬ್ಬಿದೆ.

ಡಾಕ್ಟರು ಪ್ರತಿ ಶುಕ್ರವಾರ ನಮ್ಮಲ್ಲಿ ಊಟಕ್ಕೆ. ಅಜ್ಜನ ಪ್ರಶ್ನೆಗಳು ಸಿದ್ಧವಾಗಿರುತ್ತಿದ್ದವು. ಓಟು ಹಾಕಿದ ಚಮ್ಮಾರನಿಗೂ ರೊಟ್ಟಿಯವನಿಗೂ ಸಂಬಂಧ ಉಂಟೇ? ಮತಗಟ್ಟೆಗೆ ಎಷ್ಟು ಮೆಟ್ಟಿಲು? ಸೋತವನು ಆಮೇಲೆ ಏನಾದ? ಡಾಕ್ಟರು ತಲೆ ಕೆರೆದುಕೊಂಡು ತಮ್ಮೂರಿನ ಪಾದ್ರಿಗೆ ಕಾಗದ ಬರೆಯುತ್ತಿದ್ದರು. ಉತ್ತರ ಬರಲು ಎರಡು ತಿಂಗಳು. ಮೆಟ್ಟಿಲು ಏಳು ಎಂದು ಬಂತು. "ಮೊದಲಿಂದಲೂ ಏಳೇ ಇದ್ದವೇ?" ಎಂದರು ಅಜ್ಜ. ಇನ್ನೆರಡು ತಿಂಗಳು.

ಊಟ ಮುಗಿಸಿ ಕೈ ತೊಳೆಯುವಾಗ ಡಾಕ್ಟರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು. ಅದಷ್ಟು ಇಂಗ್ಲಿಷು ನನಗೂ ಬಾಯಿಪಾಠವಾಗಿತ್ತು: ಪುಸ್ತಕ ಮುಗಿಯಲಿ, ಮುಗಿದ ಮೇಲೆ ಊರಿಗೆ ಹೋಗುತ್ತೇನೆ. ಪಾಪ, ಈ ಪ್ರಾಯದಲ್ಲಿ ಆ ಮನುಷ್ಯನನ್ನು ನಮ್ಮವರು ಮೆಟ್ಟಿಲು ಎಣಿಸಲು ಹಚ್ಚಿ ಕೂರಿಸಿದ್ದಾರಲ್ಲ ಎಂದು ನನಗೆ ಸಂಕಟ. ಡಾಕ್ಟರಿಗೆ ಸಿಟ್ಟು ಬಂದು ಆ ಕಾಗದಕ್ಕೆ ಸಹಿ ಹಾಕದೇ ಹೋದರೆ?

ಪಕ್ಕದ ಮನೆಯ ನರ್ಸ್ ಸೆವ್ರಿನ್ ಬಾಯಿ, ನಮ್ಮ ಮಂಗಳೂರಿನ ಕಡೆಯವರೇ, ನನ್ನ ಪಕ್ಷ. "ನಿಮ್ಮವರಿಗೆ ಎಂತ ಹುಚ್ಚು ಮಾರಾಯ್ರೆ," ಎನ್ನುತ್ತಿದ್ದರು. "ವಾರ್ಡಿನಲ್ಲಿ ಇವರ ಟೈಪಿಂಗ್ ಕೇಳಿದರೆ ಮಳೆ ಬಿದ್ದ ಹಾಗೆ. ಇಲ್ಲಿ ಗೋಡೆಯಿಂದ ಕೇಳಿದರೆ ನಳ ತೊಟ್ಟಿಕ್ಕಿದ ಹಾಗೆ."

ಒಂದು ಶುಕ್ರವಾರದ ಕತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಆಗಿನ ಓಟು ಗುಟ್ಟಿನದ್ದಲ್ಲವಂತೆ. ಜಮೀನ್ದಾರನ ಎದುರೇ ನಿಂತು, ನನ್ನ ಓಟು ಇಂಥವನಿಗೆ ಎಂದು ಗಟ್ಟಿಯಾಗಿ ಕೂಗಬೇಕಂತೆ. ಬೇರೆಯವನ ಹೆಸರು ಕೂಗಿದರೆ ಮರುದಿನ ಒಕ್ಕಲೆಬ್ಬಿಸುತ್ತಿದ್ದರಂತೆ. ಅದು ಹೇಗೆಂದು ಅರ್ಥವಾಗದೆ ಟೈಪ್ ಮಾಡುವುದು ಹೇಗೆ? ಊಟಕ್ಕೆ ಬಂದಿದ್ದ ಊರ ಕಡೆಯ ಎಂಟು ಗಂಡಸರನ್ನು ಅಜ್ಜ ಸಾಲಾಗಿ ಕೂರಿಸಿ ಚುನಾವಣೆ ಮಾಡಿಸಿದರು. ಒಂದು ಕಡೆ ಜಮೀನ್ದಾರನ ಅಭ್ಯರ್ಥಿ, ಇನ್ನೊಂದು ಕಡೆ ಬೆಣ್ಣೆ ವ್ಯಾಪಾರಿ. ಜಮೀನ್ದಾರ ಯಾರು ಎಂದರೆ, ಅಡುಗೆಮನೆಯ ಬಾಗಿಲ ಹಿಂದೆ ಸೌಟು ಹಿಡಿದು ನಿಂತಿದ್ದ ನಾನು! ಊಟ ನನ್ನ ಕೈಯಲ್ಲಿದೆ ಎಂಬುದು ಕಾರಣ.

ಆಂಬುಲೆನ್ಸ್ ಓಡಿಸುವ ಉಳ್ಳಾಲದ ಹಸನಬ್ಬ ಕಿಟಕಿ ಹಾಕಿ ಬಂದ. "ಮೆಲ್ಲ ಕೂಗಿಸು ಮಾರಾಯ, ಕೆಳಗಿನವರಿಗೆ ಕೇಳಿದರೆ ಎಂತ ಅಂತ ಹೇಳುವುದು? ಐರ್ಲೆಂಡಿನ ಎಲೆಕ್ಷನ್ ಅಂತಲಾ?"

"ಗಟ್ಟಿಯಾಗಿ ಕೂಗಿದರೇ ಅದು ಓಟು."

"ಬೆಣ್ಣೆಯವನಿಗೆ ಹಾಕಿದರೆ ಎಂತ ಆಗ್ತದೆ?"

"ನಿನ್ನನ್ನು ಒಕ್ಕಲೆಬ್ಬಿಸುತ್ತಾರೆ."

"ಅದು ನಮಗೆ ಹೊಸತಾ? ಕಫೀಲ್ ಹೇಳಿದಲ್ಲಿ ಸಹಿ ಹಾಕುವವರು ನಾವು," ಎಂದ ಹಸನಬ್ಬ, ಕೆಲಸಕ್ಕೆ ಇಟ್ಟುಕೊಂಡ ಧಣಿಯನ್ನು ನೆನೆದು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಕ್ಕ, ಕೋಳಿ ಇದೆಯಾ ಇವತ್ತು?" ಎಂದ.

"ಇದೆ," ಎಂದೆ ಬಾಗಿಲ ಹಿಂದಿನಿಂದ.

"ಹಾಗಾದರೆ ನನ್ನ ಓಟು ಅಕ್ಕನ ಜನಕ್ಕೆ."

ಉಳಿದವರೂ ಅದನ್ನೇ ಕೂಗಿದರು. ಬೆಣ್ಣೆ ವ್ಯಾಪಾರಿಗೆ ಒಂದು ಓಟೂ ಬೀಳಲಿಲ್ಲ. ಡಾಕ್ಟರು ಕಣ್ಣೊರೆಸಿಕೊಂಡು ನಗುತ್ತಿದ್ದರು, ಅವರ ಊರಿನಲ್ಲೂ ಹೀಗೇ ಆದದ್ದಂತೆ. ಹೆಂಗಸರಿಗೆ ಓಟು ಇರಲಿಲ್ಲವೇ ಎಂದು ನಾನು ಅಜ್ಜನ ಮೂಲಕ ಕೇಳಿಸಿದೆ. ಇರಲಿಲ್ಲವಂತೆ. ಓಟಿಲ್ಲದ ನಾನು ಆ ದಿನ ಎಂಟು ಗಂಡಸರ ಓಟು ಗೆದ್ದೆ.

ಹೀಗೆ ನಾಲ್ಕನೇ ವರ್ಷ ನಡೆಯುತ್ತಿತ್ತು. ಡಾಕ್ಟರು ಪ್ರತಿ ವರ್ಷವೂ ಕಾಗದ ಕೊಟ್ಟಿದ್ದರು. ಮೊದಲು ಮಾಮ ಎಂದ ನಿಮ್ಮ ಅಮ್ಮ ಈಗ ಟೈಪ್ ಮಾಡುವ ಅಪ್ಪನ ತೊಡೆಯ ಮೇಲೆ ಕುಳಿತು, ಒಂದು ಪದ ಮುಗಿದಾಗ ಜಾಗ ಬಿಡುವ ಉದ್ದ ಕೀಲಿಯನ್ನು ತಾನೇ ಒತ್ತಬೇಕೆಂದು ಜಗಳ ತೆಗೆಯುತ್ತಿದ್ದಳು. ಪುಸ್ತಕ ಇನ್ನೂ ಸಾವಿರದ ಎಂಟುನೂರ ಐವತ್ತರ ಆಸುಪಾಸಿನಲ್ಲಿ ತೆವಳುತ್ತಿತ್ತು.

ಆಗ ಅಜ್ಜನನ್ನು ಮೂರು ವಾರಕ್ಕೆಂದು ಹಾಯಿಲ್‌ಗೆ ಕಳಿಸಿದರು, ಅಲ್ಲಿನ ಆಸ್ಪತ್ರೆಯ ಕಡತ ಜೋಡಿಸಲು. ತಾಯಿಫಿನಲ್ಲಿ ಚಳಿ ಶುರುವಾಗಿತ್ತು. ಕಂಬಳಿ ತೆಗೆಯೋಣ ಎಂದು ಟ್ರಂಕಿನ ಬಾಯಿ ತೆರೆದೆ. ತಳದಲ್ಲಿ ದಾರ ಕಟ್ಟಿದ ಒಂದು ಕಟ್ಟು. ಟೈಪ್ ಮಾಡಿದ ಹಾಳೆಗಳು, ಒಂದು ತಪ್ಪಿಲ್ಲ, ಒಂದು ಗೀಚಿಲ್ಲ. ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಅಂಕಿ ಸರಿಯಾಗಿಯೇ ಬರುತ್ತಿತ್ತು. ಕೊನೆಯ ಹಾಳೆಯಲ್ಲಿ 1885 ಎಂದಿತ್ತು. ಅದರ ಕೆಳಗೆ ಮುಕ್ತಾಯ ಎಂಬ ಪದ.

ನನಗೆ ತಲೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಪುಣ್ಯಾತ್ಮರು ಇಡೀ ಪುಸ್ತಕ ಮುಗಿಸಿ, ಕಂಬಳಿಯ ಕೆಳಗಿಟ್ಟು, ಮುಗಿಸಿದ್ದನ್ನೇ ಮರೆತುಬಿಟ್ಟಿದ್ದಾರೆ! ಒಲೆಯ ಮೇಲೆ ಹಾಲಿಟ್ಟು ಮರೆಯುವವರನ್ನು ಕಂಡಿದ್ದೆ, ಪಾರ್ಲಿಮೆಂಟಿನ ಕ್ಷೇತ್ರ ಇಟ್ಟು ಮರೆಯುವವರನ್ನು ಕಂಡಿರಲಿಲ್ಲ. ಆ ವರ್ಷದ ಕಾಗದಕ್ಕೆ ಇನ್ನು ಒಂದು ತಿಂಗಳೂ ಇರಲಿಲ್ಲ. ಇವರು ಬರುವುದರೊಳಗೆ ಡಾಕ್ಟರ ಮನಸ್ಸು ಸಂತೋಷವಾಗಿರಲಿ ಎಂದು, ಜನ್ಮದಲ್ಲಿ ಮೊದಲ ಸಲ ನಾನೇ ಒಂದು ಕಾರ್ಯಕ್ಕೆ ಹೊರಟೆ. ಚಕ್ಕುಲಿ ಸುಟ್ಟೆ. ಸೆವ್ರಿನ್ ಬಾಯಿಯನ್ನು ಜೊತೆಗೆ ಕರೆದುಕೊಂಡೆ. ಡಾಕ್ಟರ ಕೋಣೆಗೆ ಹೋಗಿ, ಕೊನೆಯ ಹಾಳೆ ಮೇಲೆ ಕಾಣುವ ಹಾಗೆ ಇಟ್ಟು, ಕಟ್ಟನ್ನೂ ಡಬ್ಬಿಯನ್ನೂ ಕೊಟ್ಟೆ.

ಡಾಕ್ಟರು ಮೇಲಿನ ಹಾಳೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಹಾಳೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಸಂತೋಷಕ್ಕೆ ಮಾತು ಬರುತ್ತಿಲ್ಲ ಎಂದು ನಾನು ಹಿಗ್ಗಿದೆ.

ಅಜ್ಜ ಹಾಯಿಲ್‌ನಿಂದ ಬಂದ ದಿನ ಚಹಾ ಕೊಟ್ಟು ಎಲ್ಲ ಹೇಳಿದೆ. ಚಹಾ ತುಟಿಯ ಹತ್ತಿರವೇ ನಿಂತಿತು.

"ಎಲ್ಲ ಕೊಟ್ಟೆಯಾ?"

"ಎಲ್ಲ."

"ಕೊನೆಯ ಪುಟವೂ?"

"ಅದನ್ನೇ ಮೇಲೆ ಇಟ್ಟು ಕೊಟ್ಟೆ."

ಅಜ್ಜ ಲೋಟ ಕೆಳಗಿಟ್ಟರು. "ಚಕ್ಕುಲಿ ಉಳಿದಿದೆಯಾ?" ಎಂದರು. ತಂದುಕೊಟ್ಟೆ. ತಿಂದರು.

ವಾರದೊಳಗೆ ಡಾಕ್ಟರು ರಾಜೀನಾಮೆ ಕೊಟ್ಟರು. ನೂರು ವರ್ಷ ತುಂಬುವಾಗ ಪುಸ್ತಕದೊಡನೆ ಊರಿನಲ್ಲಿರಬೇಕಂತೆ. ಹೊರಡುವ ಮೊದಲಿನ ಶುಕ್ರವಾರ ಊಟಕ್ಕೆ ಬಂದರು. ಸೆವ್ರಿನ್ ಬಾಯಿಯೂ ಇದ್ದರು. ಊಟವಾದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಸುಮಾರು ಹೊತ್ತು ಮಾತಾಡಿದರು.

"ಎಂತ ಹೇಳಿದರು?" ಎಂದು ಅಜ್ಜನನ್ನು ಕೇಳಿದೆ.

"ಸಾರು ಒಳ್ಳೆದಿತ್ತಂತೆ."

ಅಷ್ಟು ದೊಡ್ಡ ಮಾತಿಗೆ ಇಷ್ಟೇ ಅರ್ಥವೇ? ಡಾಕ್ಟರನ್ನು ಕಳಿಸಲು ಅಜ್ಜ ಕೆಳಗಿಳಿದಾಗ ಸೆವ್ರಿನ್ ಬಾಯಿ ನನ್ನ ಕೈ ಹಿಡಿದರು. "ಸಾರಿನ ವಿಷಯ ಅಲ್ಲ ಅದು. ಡಾಕ್ಟರ ಮಾತನ್ನು ಅವರು ಹೇಳಿದ ಹಾಗೆಯೇ ಹೇಳುತ್ತೇನೆ, ಕೇಳಿ. ನಿಮ್ಮ ಗಂಡ ನಮ್ಮ ಆಸ್ಪತ್ರೆಯಲ್ಲೇ ಎಲ್ಲರಿಗಿಂತ ಬೇಗ ಟೈಪ್ ಮಾಡುವವ. ನನ್ನ ಒಂದು ಪುಸ್ತಕಕ್ಕೆ ನಾಲ್ಕು ವರ್ಷ ಯಾಕೆ ಅಂತ ನನಗೆ ಗೊತ್ತಿರಲಿಲ್ಲ ಅಂತ ತಿಳಿದಿರಾ? ಪುಸ್ತಕ ಮುಗಿದರೆ ನಾನು ಹೋಗುತ್ತೇನೆ, ನಾನು ಹೋದರೆ ಕಾಗದ ಹೋಗುತ್ತದೆ. ನನಗೂ ಊರಿನಲ್ಲಿ ಕಾಯುವವರು ಯಾರೂ ಇಲ್ಲ. ಅವ ಕೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಕೊನೆಯ ಪುಟ ನಿಮ್ಮ ಕೈಯಲ್ಲಿ ಬಂದಾಗ, ನಿಮಗೆ ಊರಿಗೆ ಹೋಗುವ ಆಸೆ, ಅದಕ್ಕೆ ಅವನೇ ಕಳಿಸಿದ್ದಾನೆ ಅಂತ ತಿಳಿದು ರಾಜೀನಾಮೆ ಬರೆದೆ. ಹೀಗೆ ಹೇಳಿದರು."

ನಾನು ತಟ್ಟೆಗಳನ್ನು ತೆಗೆಯುತ್ತಿದ್ದೆ. ಅಲ್ಲೇ ಕುಳಿತುಕೊಂಡೆ.

ಹೊಸದಾಗಿ ಬಂದ ಮುಖ್ಯಸ್ಥರು ನಿಯಮದ ಮನುಷ್ಯ. ಟೈಪಿಸ್ಟನಿಗೆ ಸಂಸಾರ ಇಲ್ಲ ಎಂದರೆ ಇಲ್ಲ. ಎರಡು ತಿಂಗಳಲ್ಲಿ ನಾವು ಜಿದ್ದಾದ ವಿಮಾನ ನಿಲ್ದಾಣದಲ್ಲಿದ್ದೆವು. ನಿಮ್ಮ ಅಮ್ಮ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಕ್ಷಮೆ ಕೇಳುವ ಬದಲು ಆ ಕ್ಷೇತ್ರದ ಬಗ್ಗೆ ನಾನಾಗಿ ಒಂದು ಪ್ರಶ್ನೆ ಕೇಳಿದೆ.

"ಅದನ್ನು ರದ್ದು ಮಾಡಿದ ಮೇಲೆ ಆ ಮತದಾರರೆಲ್ಲ ಎಲ್ಲಿಗೆ ಹೋದರು?"

ಅಜ್ಜ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಎಲ್ಲಿಗೂ ಇಲ್ಲ ಮಾರಾಯ್ತಿ. ಪಟ್ಟಿಯಲ್ಲಿ ಮಾತ್ರ ಬೇರೆ ಕಡೆ ಬರೆದರು. ಅವರು ಅದೇ ಮನೆಯಲ್ಲಿ, ಅದೇ ಜನರ ಜೊತೆಯೇ ಇದ್ದರು."

ಅವರು ಅಲ್ಲಿ ಒಬ್ಬರೇ ಇನ್ನೂ ಎಂಟು ವರ್ಷ ದುಡಿದರು. ಊರಿಗೆ ಬಂದ ಮೇಲೂ ಆ ಹಾಳೆಗಳ ಸುದ್ದಿ ಒಮ್ಮೆಯೂ ಎತ್ತಲಿಲ್ಲ, ಸಾಯುವವರೆಗೂ. ನಿಮ್ಮ ಅಮ್ಮ ಇಂದಿಗೂ ಆಸ್ಪತ್ರೆಯವರೇ ನಮ್ಮನ್ನು ಕಳಿಸಿದರೆಂದು ತಿಳಿದಿದ್ದಾಳೆ. ಎಂಟು ವರ್ಷ ಅಪ್ಪ ಹತ್ತಿರವಿಲ್ಲದ್ದು ನನ್ನಿಂದ ಎಂದು ಅವಳ ಮುಖ ನೋಡಿ ಹೇಳಲು ನನ್ನಿಂದ ಆಗಲಿಲ್ಲ. ನಾಲ್ಕು ವರ್ಷ ಹತ್ತಿರ ಇದ್ದದ್ದು ಅವರಿಂದ ಎಂಬುದನ್ನೂ ಹೇಳದೆ ಉಳಿದೆ. ಮಕ್ಕಳೇ, ನಾನು ಬರೆದ ಈ ಹಾಳೆಗಳನ್ನು ನೀರು ತಾಗದ ಕಡೆ, ಇಲಿ ಹೋಗದ ಕಡೆ ಇಡಿ. ನಾನಿಲ್ಲದ ಮೇಲೆ ಅವಳಿಗೆ ಕೊಡಿ.