ನಿರ್ಗುಣನ ಉಯಿಲು

ಅವತ್ತು ಬೆಳಿಗ್ಗೆ ಮಂತ್ರಿ ಆ ಒಂದು ಪ್ರಶ್ನೆ ಕೇಳದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

"ಇವನೇ, ನಿಂದೇನೋ?"

ಪ್ರಶ್ನೆ ಬಿದ್ದದ್ದು ತಾಂತ್ರಿಕ ಶಾಲೆಯ ವರ್ಕ್‌ಶಾಪಿನಲ್ಲಿ, ಲೇತ್ ಯಂತ್ರಗಳ ಪಕ್ಕ. ಕೊನೆಯ ವರ್ಷದವರೆಲ್ಲ ಗುಂಪುಗೂಡಿ ತಮ್ಮ ತಮ್ಮ ದುರ್ಗುಣಗಳ ವಿಲೇವಾರಿ ನಡೆಸಿದ್ದರು. ಆ ಶಾಲೆಯಲ್ಲಿ ಅದೊಂದು ವಾಡಿಕೆ. ಬೀಳ್ಕೊಡುಗೆಯ ಸಂಜೆ ಹೊರಡುವವರು ಒಬ್ಬೊಬ್ಬರಾಗಿ ವೇದಿಕೆ ಹತ್ತಬೇಕು, ಕೆಳಗಿನ ತರಗತಿಯ ಒಬ್ಬರನ್ನು ಕರೆದು ತಲೆಯ ಮೇಲೆ ಕೈಯಿಟ್ಟು, ಸಾಯುವ ಮುಂಚೆ ಉಯಿಲು ಮಾಡುವ ಯಜಮಾನನ ಗತ್ತಿನಲ್ಲಿ ತಮ್ಮ ಗುಣವೊಂದನ್ನು ಬಿಟ್ಟುಕೊಡಬೇಕು. ಗೊರಕೆ ಎಂಬ ಹೆಸರಿನವನು ತನ್ನ ಗೊರಕೆಯನ್ನು ಬಿಡುವವನಿದ್ದ. ಬಾಚಣಿಗೆ ಎಂಬುವನು ಕನ್ನಡಿ ಕಂಡಲ್ಲೆಲ್ಲ ನಿಲ್ಲುವ ಚಟವನ್ನು. ತರಗತಿಯ ನಾಯಕನಾದ ಮಂತ್ರಿ, ಯಾವ ಕೆಲಸವನ್ನೂ ತಾನು ಮಾಡದೆ ಇತರರಿಂದ ಮಾಡಿಸುವ ಕಲೆಯನ್ನು.

ಇವನಿಗೆ ಮಾತ್ರ ಹೇಳಿಕೊಳ್ಳಲು ಒಂದು ಅಡ್ಡಹೆಸರೂ ಇರಲಿಲ್ಲ. ಮೂರು ವರ್ಷದಿಂದ ಎಲ್ಲರೂ ಕರೆಯುತ್ತಿದ್ದದ್ದು "ಇವನೇ" ಎಂದು. ಅದು ಪ್ರೀತಿಯಿಂದಲ್ಲ, ಹೆಸರು ನೆನಪಾಗದ್ದರಿಂದ.

"ನಂದು... ನಾನು ಯೋಚನೆ ಮಾಡ್ತೀನಿ," ಎಂದ ಇವನು.

"ಯೋಚನೆ ಮಾಡೋಕೆ ಅದೇನು ಲೆಕ್ಕವೇನೋ? ನಿಂಗೆ ಏನು ಕೆಟ್ಟ ಬುದ್ಧಿ ಇದೆ ಹೇಳು, ಸಾಕು."

ಗುಂಪು ಇವನ ಮುಖ ನೋಡಿತು. ಇವನು ಗುಂಪಿನ ಮುಖ ನೋಡಿದ. ಗೊರಕೆ ಹಣೆ ಕೆರೆದುಕೊಂಡು, "ಇವನು ನಮ್ಮ ಸೆಕ್ಷನ್ನೇ ತಾನೆ?" ಎಂದು ಪಕ್ಕದವನ ಕಿವಿಯಲ್ಲಿ ಕೇಳಿದ್ದು ಇವನಿಗೂ ಕೇಳಿಸಿತು. ಗೊರಕೆಯ ಪಕ್ಕದ ಬೆಂಚಿನಲ್ಲೇ ಇವನು ಮೂರು ವರ್ಷ ಕೂತದ್ದು.

"ಸಂಜೆ ಒಳಗೆ ಏನಾದ್ರೂ ಒಂದು ಹುಡುಕ್ಕೊಂಡು ಬಾ. ಇಲ್ದಿದ್ರೆ ನಿನ್ನ ಬಿಟ್ಟು ಮುಂದಕ್ಕೆ ಹೋಗ್ತೀವಿ," ಎಂದು ಮಂತ್ರಿ ತೀರ್ಪು ಕೊಟ್ಟ.

ಬಿಟ್ಟು ಮುಂದಕ್ಕೆ ಹೋಗುವುದು ಇವನಿಗೆ ಹೊಸದೇನಲ್ಲ. ಆದರೆ ಶಾಲೆಯಲ್ಲಿ ಕಳೆದ ಅಷ್ಟೂ ದಿನಗಳಿಗೆ ಇದೊಂದೇ ಸಾಕ್ಷಿಯಾಗುವಂಥದ್ದು. ಇದೂ ತಪ್ಪಿದರೆ ತಾನು ಇಲ್ಲಿ ಓದಿದ್ದು ತನಗೇ ಸುಳ್ಳಾದೀತು. ವಿರಾಮದ ಗಂಟೆ ಹೊಡೆದದ್ದೇ ಮನೆಗೆ ಓಡಿದ.

ಮನೆಯೆಂದರೆ ಶಾಲೆಯ ಹಿಂದಿನ ಬೀದಿಯ ಹೊಲಿಗೆ ಅಂಗಡಿ, ಮತ್ತು ಅದರ ಹಿಂದಿನ ಕೋಣೆ. ತಾಯಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿಗೆ ತೋಳು ಕೂಡಿಸುತ್ತಿದ್ದಳು. ಅಜ್ಜಿ ಡಬ್ಬಿಯೊಳಗಿನ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು.

"ಅಮ್ಮಾ, ನನ್ನಲ್ಲಿ ಏನು ಕೆಟ್ಟ ಗುಣ ಇದೆ? ನಿಜ ಹೇಳು, ಬೇಜಾರಿಲ್ಲ."

ತಾಯಿ ಸೂಜಿಗಳ ಸಂದಿನಿಂದಲೇ, "ನಿನ್ನಲ್ಲಾ? ಏನೂ ಇಲ್ಲಪ್ಪ. ನೀನು ಚಿನ್ನದಂಥ ಹುಡುಗ," ಎಂದಳು.

"ಹೋಗಲಿ, ಒಳ್ಳೆ ಗುಣ?"

ತಾಯಿ ಯಂತ್ರ ನಿಲ್ಲಿಸಿ ಬಹಳ ಹೊತ್ತು ಯೋಚಿಸಿದಳು. "ಉಗುರು ಕತ್ತರಿಸ್ಕೋತೀಯ," ಎಂದಳು ಕೊನೆಗೆ.

ಅಜ್ಜಿ ತಲೆಯೆತ್ತಿ, "ಯಾರೇ ಬಂದಿರೋದು? ಅಳತೆ ಕೊಡೋಕಾ?" ಎಂದಳು.

"ನಮ್ಮ ಹುಡುಗ ಅಲ್ವೇನಮ್ಮಾ."

"ಹೌದಾ? ಯಾವಾಗ ಬಂದ?"

"ಇಲ್ಲೇ ಇರ್ತಾನೆ."

"ಊಟ ಮಾಡ್ಕೊಂಡು ಹೋಗೋಕೆ ಹೇಳು," ಎಂದು ಅಜ್ಜಿ ಮತ್ತೆ ಗುಂಡಿಗಳ ಕಡೆ ತಿರುಗಿದಳು.

ಇವನು ಮೆಟ್ಟಿಲಿಳಿಯುವಾಗ, "ಈ ಕೋಟು ಮುಗಿದ್ರೆ ಸಂಜೆ ನಾನೂ ಬರ್ತೀನಿ ಕಣೋ!" ಎಂದು ತಾಯಿ ಕೂಗಿದಳು.

ಶಾಲೆಯ ಗೇಟಿನಲ್ಲಿ ಗೊರಕೆ ಸಿಕ್ಕಿದ. ಸಲಹೆ ಕೊಡುವುದರಲ್ಲಿ ಅವನು ಧಾರಾಳಿ. "ಗುಣ ಇಲ್ಲದಿದ್ರೆ ಏನಂತೆ, ಇವತ್ತೇ ಒಂದು ಮಾಡ್ಕೋ. ಹೇಗೂ ಲೋಹದ ಮೇಷ್ಟ್ರ ಕೊನೇ ಕ್ಲಾಸಿದೆ. ನನ್ನ ಹಾಗೆ ಗೊರಕೆ ಹೊಡಿ. ಅವರು ಚಾಕ್‌ಪೀಸ್ ಎಸೀತಾರೆ. ಒಂದೇ ಏಟಿಗೆ ನೀನು ಫೇಮಸ್ಸು."

"ನಿನ್ನ ಗುಣ ನಾನು ತಗೊಂಡ ಹಾಗಾಗಲ್ವಾ?"

"ತಗೋ ಮಾರಾಯ, ನನ್ನ ಹತ್ರ ಬೇಕಾದಷ್ಟಿದೆ."

ಇವನು ಮೇಜಿನ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿ, ಗಂಟಲಿನಿಂದ ಒಂದು ಶಬ್ದ ಹೊರಡಿಸಿದ. ಲೋಹದ ಮೇಷ್ಟ್ರು ಪಾಠ ನಿಲ್ಲಿಸಿ ಕಿವಿಗೊಟ್ಟರು. ಇವನಿಗೆ ಹುಮ್ಮಸ್ಸು ಬಂತು. ಇನ್ನೊಂದು, ಇನ್ನೂ ಜೋರಾಗಿ. ಮೇಷ್ಟ್ರು ತಲೆಯೆತ್ತಿ ನೋಡಿದರು, ಛಾವಣಿಯ ಕಡೆಗೆ.

"ಈ ಫ್ಯಾನಿನ ಬೇರಿಂಗು ಹೋಗಿದೆ. ಯಾವಾಗ ತಲೆ ಮೇಲೆ ಬೀಳುತ್ತೋ! ಏಳ್ರೀ ಎಲ್ಲರೂ, ಪಕ್ಕದ ರೂಮಿಗೆ ಹೋಗೋಣ."

ಚಾಕ್‌ಪೀಸ್ ಬರುತ್ತದೆಂದು ಕಣ್ಣು ಮುಚ್ಚಿ ಕಾಯುತ್ತಿದ್ದ ಇವನಿಗೆ ಬೆಳಗಿನಿಂದ ಓಡಾಡಿದ ಆಯಾಸಕ್ಕೆ ನಿಜವಾಗಿಯೇ ನಿದ್ದೆ ಹತ್ತಿತು. ಎಚ್ಚರವಾದಾಗ ಕೋಣೆ ಖಾಲಿ. ಬಾಗಿಲಿನ ಹೊರಗೆ ಒಂದು ಫಲಕ ತೂಗುತ್ತಿತ್ತು: "ಅಪಾಯ. ಒಳಗೆ ಯಾರೂ ಇರಕೂಡದು." ತನ್ನ ವಿಷಯ ಇಷ್ಟು ಸ್ಪಷ್ಟವಾಗಿ ಯಾರೂ ಬರೆದಿರಲಿಲ್ಲ ಎನ್ನಿಸಿತು ಇವನಿಗೆ.

ಎರಡನೆಯ ಸಲಹೆ ಬಾಚಣಿಗೆಯದು. "ಮುಂಗೋಪ ಒಳ್ಳೇದು. ಖರ್ಚಿಲ್ಲ. ಕ್ಯಾಂಟೀನಿಗೆ ಹೋಗಿ ಯಜಮಾನನ ಮೇಲೆ ಕೂಗಾಡು."

ಇವನು ಕ್ಯಾಂಟೀನಿಗೆ ಹೋಗಿ, ಟೀ ಲೋಟವನ್ನು ಮೇಜಿಗೆ ಕುಕ್ಕಿ, ಜೀವನದಲ್ಲಿ ಮೊದಲ ಸಲ ದನಿಯೆತ್ತಿದ. "ಇದೇನ್ರೀ ಇದು, ಟೀನಾ, ಪಾತ್ರೆ ತೊಳೆದ ನೀರಾ?"

ಕ್ಯಾಂಟೀನಿನ ಯಜಮಾನ ಕೆರಳಿ ಕೆಂಡವಾಗಿ ಬಂದವನು ನೇರವಾಗಿ ಪಕ್ಕದಲ್ಲಿ ಕೂತಿದ್ದ ಬಾಚಣಿಗೆಯ ಕೊರಳಪಟ್ಟಿ ಹಿಡಿದ. "ಕನ್ನಡಿ ಮುಂದೆ ತಲೆ ಬಾಚಿ ಬಾಚಿ ನನ್ನ ತಿಂಡಿಗೆಲ್ಲ ಕೂದಲು ಬೀಳಿಸೋನು ನೀನು, ಈಗ ನನ್ನ ಟೀಗೆ ಹೆಸರಿಡ್ತೀಯಾ?"

"ನಾನಲ್ಲ ಸ್ವಾಮಿ, ಇವನು!"

"ಯಾವನು?" ಎಂದು ಯಜಮಾನ ಇವನ ತಲೆಯ ಮೇಲಿನಿಂದ ಅತ್ತಿತ್ತ ನೋಡಿದ.

ಬಾಚಣಿಗೆಯನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಗೊರಕೆಯ ಬಳಿ ಇನ್ನೂ ಒಂದು ಸಲಹೆ ಉಳಿದಿತ್ತು. ಪ್ರಯೋಗಶಾಲೆಯ ಮೇಡಂ ಎಂದರೆ ಇಡೀ ಶಾಲೆಗೆ ನಡುಕ. ಆಕೆಯ ಎದುರು ನಿಂತು ಒಂದು ಉದ್ಧಟ ಮಾತಾಡಿದರೆ ಸಾಕು, ಸಂಜೆಯವರೆಗೂ ಶಾಲೆ ಅದನ್ನೇ ಮಾತಾಡುತ್ತದೆ. ಇವನು ವರ್ಕ್‌ಶಾಪಿನ ನೀಲಿ ಕೋಟಿನಲ್ಲೇ ಹೋಗಿ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತ.

"ಮೇಡಂ, ನಾನು ನಿಮಗೆ ಒಂದು ಮಾತು..."

"ಅಂತೂ ಬಂದೆಯಲ್ಲಪ್ಪ!" ಎಂದರು ಮೇಡಂ, ಕಣ್ಣಲ್ಲಿ ನೀರು ತುಂಬಿಕೊಂಡು. "ಬೆಳಿಗ್ಗೆಯಿಂದ ಕಾಯ್ತಾ ಇದ್ದೀನಿ. ನೋಡು, ಈ ನಲ್ಲಿ ನಿಲ್ತಾನೇ ಇಲ್ಲ."

ತಾನು ನಲ್ಲಿ ರಿಪೇರಿಯವನಲ್ಲ ಎಂದು ಹೇಳಲು ಇವನು ಬಾಯಿ ತೆರೆದ. ಆದರೆ ಮೂರು ವರ್ಷದಲ್ಲಿ ಆ ಶಾಲೆಯಲ್ಲಿ ಯಾರೂ ಇವನಿಗಾಗಿ ಕಾದಿರಲಿಲ್ಲ. ಬಾಯಿ ಮುಚ್ಚಿಕೊಂಡು ಮೇಜಿನ ಕೆಳಗೆ ನುಗ್ಗಿದ. ತಿರುಪು ಸಡಿಲಿಸಿದ್ದೇ ತಡ, ನಲ್ಲಿಯ ಮೂತಿ ಬಂದೂಕಿನ ಗುಂಡಿನಂತೆ ಹಾರಿ, ನೀರು ಇವನನ್ನು ತಲೆಯಿಂದ ಕಾಲಿನವರೆಗೆ ತೊಳೆದುಹಾಕಿತು. ಕೊನೆಗೆ ಹೇಗೋ ನಿಲ್ಲಿಸಿದ. "ಮುಂದಿನ ಸಲ ಸರಿಯಾದವರನ್ನ ಕಳಿಸೋಕೆ ಹೇಳು," ಎಂದರು ಮೇಡಂ.

ಸಂಜೆಯ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಮತ್ತು ಮೇಷ್ಟ್ರುಗಳು, ನಡುವೆ ಕೆಳಗಿನ ತರಗತಿಯವರು, ಹಿಂದೆ ತಂದೆತಾಯಿಗಳು. ಉಯಿಲುಗಳು ಒಂದಾದ ಮೇಲೊಂದು ನಡೆದವು. ಗೊರಕೆ ತನ್ನ ಗೊರಕೆಯನ್ನು ಮೊದಲ ವರ್ಷದ ಒಬ್ಬ ಚುರುಕಿನ ಹುಡುಗಿಗೆ ಕೊಟ್ಟ. ಬಾಚಣಿಗೆ ತನ್ನ ಚಟವನ್ನು, ಆಗಲೇ ಕೂದಲು ಉದುರತೊಡಗಿದ್ದ ಒಬ್ಬನಿಗೆ. ನಕ್ಕು ನಕ್ಕು ಸಭೆಯ ಹೊಟ್ಟೆ ಹುಣ್ಣಾಯಿತು. ಮಂತ್ರಿ ಮೈಕು ಹಿಡಿದು, "ಇಲ್ಲಿಗೆ ನಮ್ಮೆಲ್ಲರ ಉಯಿಲು ಮುಗೀತು," ಎಂದ.

"ನಾನಿನ್ನೂ ಇದ್ದೀನಿ," ಎಂಬ ದನಿ ಬಂತು.

ಒದ್ದೆ ಕೋಟಿನಿಂದ ನೀರು ತೊಟ್ಟಿಕ್ಕಿಸುತ್ತ ಇವನು ವೇದಿಕೆ ಹತ್ತಿದ. ಹೇಳಲು ಏನೂ ಇರಲಿಲ್ಲ. ಇಲ್ಲದ್ದನ್ನೇ ಹೇಳಿಬಿಡೋಣ ಎನ್ನಿಸಿತು.

"ನನ್ನ ಹತ್ರ ಒಂದು ಗುಣವೂ ಇಲ್ಲ," ಎಂದ. "ಬೆಳಿಗ್ಗೆಯಿಂದ ಹುಡುಕ್ತಾ ಇದ್ದೀನಿ. ಗೊರಕೆ ಹೊಡೆದ್ರೆ ಫ್ಯಾನು ಅಂದ್ರು. ಜಗಳ ಆಡಿದ್ರೆ ಪಕ್ಕದವನಿಗೆ ಏಟು ಬಿತ್ತು. ಹೋದ ವಾರ ನಮ್ಮ ಗುಂಪಿನ ಫೋಟೋ ತೆಗೆದ್ರಲ್ಲ, ಫೋಟೋದವರು 'ಅಲ್ಲಿ ಮಧ್ಯ ಜಾಗ ಖಾಲಿ ಇದೆ, ಸ್ವಲ್ಪ ಹತ್ತಿರ ಬನ್ನಿ' ಅಂದ್ರು. ಆ ಜಾಗದಲ್ಲಿ ನಾನಿದ್ದೆ."

ಸಭೆ ಗೊಳ್ಳೆಂದಿತು. ಇವನು ಬೆಚ್ಚಿ ಹಿಂದೆ ತಿರುಗಿ ನೋಡಿದ, ಇನ್ಯಾರಾದರೂ ಏನಾದರೂ ಮಾಡಿದರೇನೋ ಎಂದು. ಯಾರೂ ಇರಲಿಲ್ಲ. ನಗು ತನ್ನದೇ!

ಬರಗಾಲದಲ್ಲಿ ಹುಟ್ಟಿದವನಿಗೆ ಔತಣ ಸಿಕ್ಕಿದಂತಾಯಿತು. ಇನ್ನಷ್ಟು ಹೇಳಿದ. ಕ್ಲಾಸಿಗೆ ಬಂದರೂ ಬರದಿದ್ದರೂ ತನ್ನ ಹಾಜರಿ ಒಂದೇ ಎಂದ. ಪ್ರತಿ ವರ್ಷ ತನ್ನನ್ನು ಹೊಸದಾಗಿ ಸೇರಿದವನೆಂದು ಸ್ವಾಗತಿಸುತ್ತಾರೆ ಎಂದ. ನಿಜ ಖಾಲಿಯಾದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ. ಇವನೂ ನಿಲ್ಲಲಿಲ್ಲ.

"ಬೇಕಾದ್ರೆ ನಾನು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಅವರ ಟೀ ಕುಡಿದು, ಅವರ ಪೇಪರು ಓದಿ, ಬಾಗಿಲು ಹಾಕ್ಕೊಂಡು ಬರ್ತೀನಿ. ಅವರು ಎದುರಿಗೇ ಕೂತಿದ್ರೂ ಗೊತ್ತಾಗಲ್ಲ! ಎಷ್ಟು ಸಲ ಹೋಗಿಲ್ಲ!"

ಒಂದು ಸಲವೂ ಹೋಗಿರಲಿಲ್ಲ. ಆ ಕೋಣೆಯ ಬಾಗಿಲು ಯಾವ ಬಣ್ಣವೆಂದೂ ಇವನಿಗೆ ಗೊತ್ತಿರಲಿಲ್ಲ.

"ಅಣ್ಣಾ, ಅದು ನಂಗೆ ಕೊಡಿ!" "ಇಲ್ಲ, ನಂಗೆ!" ಎಂದು ಕೆಳಗಿನ ತರಗತಿಯವರು ಕುರ್ಚಿ ಹತ್ತಿ ಕೂಗಿದರು. ಅವತ್ತು ಯಾರ ಗುಣಕ್ಕೂ ಇಂಥ ಗಿರಾಕಿ ಬಂದಿರಲಿಲ್ಲ. ಇವನು ಎರಡನೇ ವರ್ಷದ ಕಂಬ ಎಂಬುವನನ್ನು ಕರೆದ. ಕಂಬ ಎಷ್ಟು ಉದ್ದವೆಂದರೆ ಯಾವ ತಂಟೆ ನಡೆದರೂ ಮೊದಲು ಸಿಕ್ಕಿಬೀಳುವವನು ಅವನೇ. ಅವನು ಕಣ್ಣು ಒದ್ದೆ ಮಾಡಿಕೊಂಡು ಮಂಡಿಯೂರಿದ, ಇಲ್ಲದಿದ್ದರೆ ಕೈ ಎಟುಕುತ್ತಿರಲಿಲ್ಲ. ಇವನು ಆ ತಲೆಯ ಮೇಲೆ ಕೈಯಿಟ್ಟು, "ಇನ್ನು ಮೇಲೆ ನೀನೂ ಯಾರ ಕಣ್ಣಿಗೂ ಬೀಳದಿರು," ಎಂದು ಹರಸಿದ. ಸಭಾಂಗಣ ಹಾರಿಹೋಗುವಂತೆ ಚಪ್ಪಾಳೆ ಬಿತ್ತು.

ಆಗ ಪ್ರಿನ್ಸಿಪಾಲರು ಎದ್ದು ನಿಂತರು. ಅವರೂ ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಒರೆಸಿಕೊಳ್ಳುತ್ತ ಒರೆಸಿಕೊಳ್ಳುತ್ತ ಕೈ ನಿಂತಿತು.

"ಒಂದು ನಿಮಿಷ," ಎಂದರು. "ಹೋದ ವರ್ಷ ನನ್ನ ಕುರ್ಚಿಗೆ ಗೋಂದು ಹಚ್ಚಿದ್ರಲ್ಲ, ನಾನು ಕುರ್ಚಿ ಸಮೇತ ಮೀಟಿಂಗಿಗೆ ಹೋಗಬೇಕಾಯ್ತು. ಅದನ್ನ ಹಚ್ಚಿದವರನ್ನ ಯಾರೂ ನೋಡಲಿಲ್ಲ."

ಕುರ್ಚಿ ಹತ್ತಿದ್ದವರೆಲ್ಲ ಕೆಳಗಿಳಿದರು.

"ಸಂಸ್ಥಾಪಕಿಯವರ ಭಾವಚಿತ್ರಕ್ಕೆ ಮೀಸೆ ಬರೆದವರನ್ನೂ ಯಾರೂ ನೋಡಲಿಲ್ಲ," ಎಂದರು ಲೋಹದ ಮೇಷ್ಟ್ರು.

"ನನ್ನ ಟೀ ದಿನಾ ಅರ್ಧ ಖಾಲಿಯಾಗ್ತಿತ್ತು," ಎಂದರು ಪ್ರಿನ್ಸಿಪಾಲರು. "ಆರೋಗ್ಯಕ್ಕೋಸ್ಕರ ಕಡಿಮೆ ಹಾಕ್ತಾ ಇದ್ದಾರೆ ಅಂದ್ಕೊಂಡಿದ್ದೆ." ಅವರ ಬೆರಳು ಮೆಲ್ಲಗೆ ವೇದಿಕೆಯ ಕಡೆ ಎದ್ದಿತು. "ಇವನೇ!"

ಆ ಪದ ಇವನು ಸಾವಿರ ಸಲ ಕೇಳಿದ್ದ. ಈ ಅರ್ಥದಲ್ಲಿ ಮಾತ್ರ ಕೇಳಿರಲಿಲ್ಲ.

"ಸಾರ್, ನಾನಲ್ಲ! ನಾನು ತಮಾಷೆಗೆ... ನಾನು ಯಾವಾಗಲೂ ಕ್ಲಾಸಲ್ಲೇ ಇರ್ತಿದ್ದೆ ಸಾರ್!"

"ನೋಡಿದವರು ಯಾರು?"

ಇವನು ಆಸೆಯಿಂದ ಗೊರಕೆಯ ಕಡೆ ನೋಡಿದ. ಗೊರಕೆ ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳಲು ಪ್ರಯತ್ನಿಸಿ, ತಲೆಯಾಡಿಸಿದ. ಹಾಜರಿ ಪುಸ್ತಕ ಇದೆಯಲ್ಲ ಎಂದು ಇವನು ಹೇಳಹೊರಟವನು, ಆ ದಾರಿಯನ್ನು ತಾನೇ ಈಗಷ್ಟೇ ಮುಚ್ಚಿದ್ದು ನೆನಪಾಗಿ ಸುಮ್ಮನಾದ. ಅಷ್ಟರಲ್ಲಿ ಮಂತ್ರಿ ಎದ್ದು, ಗಂಭೀರವಾಗಿ, "ನಮಗೂ ಇವನ ಮೇಲೆ ಮೊದಲಿಂದ ಅನುಮಾನ ಇತ್ತು ಸಾರ್," ಎಂದ. ಗೋಂದಿನ ಡಬ್ಬಿ ಹಿಡಿದಿದ್ದ ಕೈ ಯಾರದೆಂದು ತರಗತಿಗೆಲ್ಲ ಗೊತ್ತಿತ್ತು. ಮಂತ್ರಿ ಹೇಳಿದ ಮೇಲೆ ತರಗತಿಯೂ ಹೂಂಗುಟ್ಟಿತು. ಎಷ್ಟೋ ಜನರ ಎದೆಯ ಭಾರ ಒಮ್ಮೆಲೇ ಇಳಿದಂತೆ ಕಂಡಿತು.

"ಸರ್ಟಿಫಿಕೇಟು ಕೊಡೋ ಹಾಗಿಲ್ಲ," ಎಂದು ಪ್ರಿನ್ಸಿಪಾಲರು ಗುಡುಗಿದರು. "ರಜೆ ಪೂರ್ತಿ ದಿನಾ ಬಂದು ಮೀಸೆ ಅಳಿಸಲಿ, ಕುರ್ಚಿಗಳನ್ನೆಲ್ಲ ಉಜ್ಜಲಿ. ಬರ್ಕೊಳ್ರೀ ಗುಮಾಸ್ತರೇ. ಹೆಸರೇನು ಇವನದು?"

ಗುಮಾಸ್ತ ಪೆನ್ನು ಹಿಡಿದು ಲೋಹದ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಪ್ರಯೋಗಶಾಲೆಯ ಮೇಡಂ ಕಡೆ ನೋಡಿದರು. ಮೇಡಂ, "ನಲ್ಲಿ ರಿಪೇರಿಯವನ ಹೆಸರು ನನಗೇನು ಗೊತ್ತು?" ಎಂದರು. ಮಂತ್ರಿ ತುಟಿ ಕಚ್ಚಿಕೊಂಡ. ಇಡೀ ತರಗತಿ ಪರೀಕ್ಷೆಯಲ್ಲಿ ಕಷ್ಟದ ಪ್ರಶ್ನೆ ಬಂದಂತೆ ಛಾವಣಿ ನೋಡತೊಡಗಿತು.

ಇವನ ಎದೆಯೊಳಗೆ ದೀಪ ಹತ್ತಿತು. ಗೊತ್ತಿಲ್ಲ! ಯಾರಿಗೂ ಗೊತ್ತಿಲ್ಲ! ಜನ್ಮವಿಡೀ ಶಾಪವಾಗಿದ್ದದ್ದು ಇವತ್ತು ಕೈಹಿಡಿಯುತ್ತಿದೆ. ಇವನು ಉಸಿರು ಬಿಗಿಹಿಡಿದು, ಮೆಲ್ಲಗೆ ಒಂದೊಂದೇ ಹೆಜ್ಜೆ ಹಿಂದೆ ಸರಿದ. ಯಾರೂ ನೋಡಲಿಲ್ಲ. ಪರದೆಯ ಪಕ್ಕ ಬಂದ. ಯಾರೂ ನೋಡಲಿಲ್ಲ. ಕೆಳಗೆ ಸಭೆಯಲ್ಲಿ ಎಲ್ಲರೂ, "ಎಂಥದೋ 'ರಾ' ಇಂದ ಶುರುವಾಗುತ್ತೆ", "ಅಲ್ಲ, 'ಗ'" ಎಂದು ವಾದಕ್ಕಿಳಿದಿದ್ದರು. ವೇದಿಕೆಯ ಪಕ್ಕದ ಬಾಗಿಲ ಚಿಲಕಕ್ಕೆ ಇವನ ಕೈ ತಾಗಿತು.

ಅದೇ ಹೊತ್ತಿಗೆ ಸಭಾಂಗಣದ ಹಿಂದಿನ ಬಾಗಿಲಿನಿಂದ ಇವನ ತಾಯಿ ಏದುಸಿರು ಬಿಡುತ್ತ ಒಳಗೆ ಬಂದಳು. ಕೋಟಿನ ತೋಳು ಈಗಷ್ಟೇ ಮುಗಿದಿತ್ತು. ಅವಳಿಗೆ ಕಂಡದ್ದು ಇಷ್ಟೇ: ಮಗ ವೇದಿಕೆಯ ಮೇಲಿದ್ದಾನೆ, ಇಡೀ ಸಭೆ ಅವನ ಹೆಸರು ಕೇಳುತ್ತಿದೆ, ಗುಮಾಸ್ತ ಬರೆದುಕೊಳ್ಳಲು ಪೆನ್ನು ಹಿಡಿದು ಕಾಯುತ್ತಿದ್ದಾನೆ. ಅವಳ ಕಣ್ಣು ತುಂಬಿ ಬಂತು. ಕೈಯೆತ್ತಿ, ಇನಿಶಿಯಲ್ ಸಮೇತ, ಮನೆಯ ವಿಳಾಸ ಸಮೇತ, ಒಂದೊಂದಕ್ಷರವೂ ಸ್ಪಷ್ಟವಾಗಿ ಮಗನ ಹೆಸರನ್ನು ಕೂಗಿದಳು.

ಸಭೆಯ ತಲೆಗಳೆಲ್ಲ ಹಿಂದಕ್ಕೆ ತಿರುಗಿ, ಆಮೇಲೆ ಪರದೆಯ ಕಡೆ ತಿರುಗಿದವು. ಚಿಲಕ ಹಿಡಿದವನು ಹಾಗೇ ನಿಂತುಬಿಟ್ಟ. ಗುಮಾಸ್ತ ಬರೆದುಕೊಂಡ.

"ನೀವು ಇವನ ತಾಯಿಯೇನಮ್ಮಾ?" ಎಂದು ಪ್ರಿನ್ಸಿಪಾಲರು ಮೈಕಿನಲ್ಲಿ ಕೇಳಿದರು. "ಇದರಲ್ಲೆಲ್ಲ ನಿಮ್ಮದೂ ಪಾಲಿದೆಯೋ?"

ತಾಯಿ ಸಂಕೋಚದಿಂದ ಸೆರಗು ಸರಿಮಾಡಿಕೊಂಡಳು.

"ಅಯ್ಯೋ, ನಂದೇನಿಲ್ಲ ಸಾರ್," ಎಂದಳು. "ಎಲ್ಲಾ ಅವನೊಬ್ಬನೇ ಮಾಡಿದ್ದು."