ಪೋರ್ಚುಗಲ್ಲಿನ ಬಾಟಲಿ, ಮಮ್ಮಿಯ ಭರಣಿ

ಅಂದು ನಾನು ಅಂಥ ಕೆಲಸ ಮಾಡಿದೆನೋ ಇಲ್ಲವೋ, ನಿಜಕ್ಕೂ ನೆನಪಿಲ್ಲ. ಧಾರವಾಡದಲ್ಲಿ ಎಂಎಸ್ಸಿ ಓದುವಾಗ, ಕಣ್ಣಾರೆ ಕಂಡದ್ದನ್ನೂ ಎರಡು ಸಲ ಅಳೆಯಬೇಕೆಂದು ಕಲಿತವನು ನಾನು. ಅದರಿಂದ ವಿಜ್ಞಾನಕ್ಕೇನೂ ಲಾಭವಾಗಲಿಲ್ಲ. ಗ್ಯಾಸ್ ಆರಿಸಿದೆನೇ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸುವ ಚಟ ಮಾತ್ರ ಅಂಟಿಕೊಂಡಿತು.

ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿರುವ ನನ್ನ ಗೆಳೆಯ ಲಾರೆನ್ಸ್ ಮಂಗಳೂರಿನವನು. ಅವನ ಜೊತೆಗೇ ಇರುವ ತಾಯಿಯನ್ನು ನಾವೂ ಮಮ್ಮಿ ಎಂದೇ ಕರೆಯುತ್ತೇವೆ. ಕ್ರಿಸ್‌ಮಸ್ಸಿಗೆಂದು ಮಮ್ಮಿ ದ್ರಾಕ್ಷಿ, ಸಕ್ಕರೆ, ಗೋಧಿ, ಲವಂಗ ಹಾಕಿ ಭರಣಿಯಲ್ಲಿ ವೈನು ಮಾಡುತ್ತಾರೆ. ಅದರಲ್ಲೊಂದು ಬಾಟಲಿ ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ನಮ್ಮ ಮನೆಗೆ ವರ್ಷವೂ ತಪ್ಪದೆ ಬರುತ್ತಿತ್ತು. ಕಳೆದ ಕ್ರಿಸ್‌ಮಸ್ಸಿಗೆ ಬರಲಿಲ್ಲ. ಫೋನು ಮಾಡಿದಾಗ ಲಾರೆನ್ಸ್ ತಡವರಿಸಿದ.

"ಈಸ್ಟರಿಗೆ ಬಂದಾಗ ನೀವು ಮಮ್ಮಿಯ ವೈನು ಚೆಲ್ಲಿದ್ರಂತೆ ಮಾರಾಯ್ರೆ. ಮಮ್ಮಿಯೇ ಅಡುಗೆಮನೆ ಕಿಟಕಿಯಿಂದ ನೋಡಿದ್ರಂತೆ. ಬೇಜಾರಲ್ಲಿ ಈ ಸಲ ಅಟ್ಟದಿಂದ ಭರಣಿಯನ್ನೇ ಇಳಿಸ್ಲಿಲ್ಲ."

ಆ ಮಧ್ಯಾಹ್ನ ನನ್ನ ನೆನಪಿನಲ್ಲಿ ಕನಸಿನಂತೆ ಉಳಿದಿದೆ. ಲಾರೆನ್ಸನ ಮನೆಯ ಹಿತ್ತಲಿನ ನಿಂಬೆ ಗಿಡದ ಪಕ್ಕ ಮೇಜು. ನನ್ನ ಮುಂದೆ ಮಮ್ಮಿ ತಮ್ಮ ವೈನು ಹಾಕಿಟ್ಟ ಗ್ಲಾಸು. ಅದರ ಪಕ್ಕದ ಖಾಲಿ ಗ್ಲಾಸಿಗೆ ಲಾರೆನ್ಸ್ ಪೋರ್ಚುಗಲ್ಲಿನ ಹೊಸ ಕೆಂಪು ವೈನನ್ನು ಎರಡು ಬೆರಳಷ್ಟು ಸುರಿದ. ಅದರ ಬಳ್ಳಿಗಳನ್ನು ಮುತ್ತಜ್ಜಂದಿರು ನೆಟ್ಟಿದ್ದಂತೆ, ಯಾವುದು ಯಾವ ಜಾತಿಯೆಂದು ತೋಟದವರಿಗೇ ಗೊತ್ತಿಲ್ಲವಂತೆ. ಹಣ್ಣನ್ನು ಕಲ್ಲುತೊಟ್ಟಿಯಲ್ಲಿ ಇಂದಿಗೂ ಕಾಲಿನಿಂದಲೇ ತುಳಿಯುತ್ತಾರಂತೆ. ತೊಳೆದ ಕಾಲೇ ಎಂಬ ಪ್ರಶ್ನೆ ನನ್ನ ಗಂಟಲಲ್ಲೇ ಉಳಿಯಿತು. ಗ್ಲಾಸಿನೊಳಗೆ ಬಿಸಿಲು ಅಷ್ಟು ಚೆಂದ ತೇಲುತ್ತಿತ್ತು. ನೇರಳೆ ಹಣ್ಣಿನ ಒಗರು, ಹೊಸ ಗಡಿಗೆಯ ತಂಪು, ಕೊನೆಗೆ ಎಲ್ಲೋ ದೂರದಿಂದ ಬಂದಂತೆ ಲವಂಗದ ಘಮ. ಕಂಡರಿಯದ ಊರಿನವರು ದ್ರಾಕ್ಷಿ ತುಳಿಯುತ್ತ ಹಾಡುವುದೂ ಕೇಳಿಸಿತು. ಪಕ್ಕದ ಮನೆಯ ರೇಡಿಯೊ ಇದ್ದರೂ ಇರಬಹುದು. ಅಂದಿನಿಂದ ಸಿಡ್ನಿಯ ಪ್ರತಿ ಪಾರ್ಟಿಯಲ್ಲೂ ಹಳೆಯ ಬಳ್ಳಿಯ ಆ ಲವಂಗವನ್ನು ವರ್ಣಿಸಿ, ವೈನು ಬಲ್ಲವನೆಂಬ ಹೆಸರು ಸಂಪಾದಿಸಿದ್ದೆ. ಇಷ್ಟು ಮೈಮರೆತವನು ಮಮ್ಮಿಯ ಗ್ಲಾಸನ್ನು ಗಿಡದ ಬುಡಕ್ಕೆ ಚೆಲ್ಲಿದ್ದರೂ ಚೆಲ್ಲಿರಬಹುದು. ಹಾಗೆನಿಸಿದಾಗ ನಾಚಿಕೆಯಾಯಿತು.

ಹೆಂಡತಿಯನ್ನು ಕೇಳಿದೆ. "ಸುಮ್ನ ಯಾಕ ಒದ್ದಾಡ್ತೀರಿ? ಅವತ್ತಿನ ವಿಡಿಯೊ ನನ್ನ ಫೋನಿನ್ಯಾಗ ಐತಿ, ನೋಡ್ರಿ," ಎಂದಳು.

ನೋಡಿದೆ. ಪೋರ್ಚುಗಲ್ಲಿನ ಮೊದಲ ಗುಟುಕಿಗೆ ನನ್ನ ಮುಖ ಕಷಾಯ ಕುಡಿದ ಮಗುವಿನಂತೆ ಕಿವುಚಿಕೊಳ್ಳುತ್ತದೆ. ಆಚೀಚೆ ನೋಡಿ, ಮಮ್ಮಿಯ ಗ್ಲಾಸನ್ನೆತ್ತಿ ಪೋರ್ಚುಗಲ್ಲಿನ ಗ್ಲಾಸಿನೊಳಗೆ ಪೂರ್ತಿ ಬಗ್ಗಿಸುತ್ತೇನೆ. ಕುಡಿದು ಕಣ್ಣು ಮುಚ್ಚಿ, "ಹಾಂ, ಈಗ ಕುಡಿಯಂಗಾತು," ಎನ್ನುತ್ತೇನೆ. ಕಿಟಕಿಯಿಂದ ಮಮ್ಮಿಗೆ ಗ್ಲಾಸು ಬಗ್ಗಿದ್ದಷ್ಟೇ ಕಂಡಿರಬೇಕು.

ವಿಡಿಯೊ ಕಳಿಸಿದರೆ ನನ್ನ ಕೀರ್ತಿ ಹೋಗುತ್ತದೆ. ಕಳಿಸದಿದ್ದರೆ ಭರಣಿ ಅಟ್ಟದಲ್ಲೇ ಉಳಿಯುತ್ತದೆ. ಎರಡು ದಿನ ಯೋಚಿಸಿ ಕಳಿಸಿದೆ. ಮಮ್ಮಿ ತಾವೇ ಫೋನು ಮಾಡಿ, ಬಹಳ ಹೊತ್ತು ನಕ್ಕು, "ದ್ರಾಕ್ಷಿ ತರ್ಲಿಕ್ಕೆ ಹೇಳಿದ್ದೇನೆ ಮಗಾ," ಎಂದರು.

ಆಮೇಲೆ ಒಂದು ಸಂಗತಿಯನ್ನು ಮಾತ್ರ ವಿಡಿಯೊ ನಿಲ್ಲಿಸಿ ನಿಲ್ಲಿಸಿ, ಎರಡಲ್ಲ, ನಾಲ್ಕು ಸಲ ಅಳೆದು ಖಚಿತಪಡಿಸಿಕೊಂಡೆ: ನಾನು ಊರೆಲ್ಲ ಹೊಗಳಿದ ಆ ಗ್ಲಾಸಿನಲ್ಲಿ ಮುಕ್ಕಾಲು ಪಾಲು ಮಮ್ಮಿಯ ವೈನೇ ಇತ್ತು.