ಖಂಡೇನವಮಿಯ ಸವಾರಿ

ಖಂಡೇನವಮಿಯ ನಸುಕಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಪಡಸಾಲೆಗೆ ಬಂದ ವಾಸುದೇವನಿಗೆ ತನ್ನ ಸೈಕಲ್ಲಿನ ಗುರುತೇ ಹತ್ತಲಿಲ್ಲ. ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ, ಸೀಟಿಗೆ ಕುಂಕುಮ, ಗಾಲಿಯ ಬುಡದಲ್ಲಿ ನಿಂಬೆಹಣ್ಣು. ಗಂಡನ ಮನೆಗೆ ಹೊರಟ ಮದುಮಗಳ ಹಾಗೆ ತಲೆ ತಗ್ಗಿಸಿ ನಿಂತಿತ್ತು. ಪಕ್ಕದಲ್ಲಿ ತಾಯಿ ಗೋದಾಬಾಯಿ, ಕೈಯಲ್ಲಿ ಆರತಿ ತಟ್ಟೆ.

"ಪೂಜಿ ಮುಗೀತು. ಇನ್ನ ನಾಳಿ ಮುಂಜಾನಿ ತನಕ ಅದನ್ನ ಮುಟ್ಟಬ್ಯಾಡ, ವಾಸೂ."

"ಅವ್ವಾ, ನಾ ಹೋಗಿ ಬಂದ ಮ್ಯಾಲೆ ಮಾಡಿದ್ರ ಆಗ್ತಿದ್ದಿಲ್ಲೇನು?"

"ನೀ ಬರೂದ್ರಾಗ ರಾಹುಕಾಲ ಬರ್ತದ. ಪೂಜಿ ಆದ ಆಯುಧಕ್ಕ ಇವತ್ತ ರಜಾ. ನಿಮ್ಮಪ್ಪ ಈ ದಿನ ಪೆನ್ನೂ ಮುಟ್ಟತಿದ್ದಿಲ್ಲ."

ವಾಸುದೇವನಿಗೆ ದಿಕ್ಕು ತೋಚಲಿಲ್ಲ. ಸೋಫಾ ಇಡುವ ಜಾಗವನ್ನು ಆ ಸೈಕಲ್ ನುಂಗಿತ್ತು. ಅದಕ್ಕಾಗಿ ಹೆಂಡತಿ ದೀಪಾಲಿ ಚೌತಿಯ ದಿನ ಒಂದು ಕರಾರು ಹಾಕಿದ್ದಳು. ನವಮಿಯ ತನಕ ಒಂದು ದಿನವೂ ಬಿಡದೆ ಸೈಕಲ್ ತುಳಿದರೆ ಅದು ಪಡಸಾಲೆಯಲ್ಲೇ ಇರಲಿ. ಒಂದು ದಿನ ತಪ್ಪಿದರೂ ಊರಿನ ಇನ್ನೊಂದು ತುದಿಯ ಜೀಡಿಮೆಟ್ಲಾದಲ್ಲಿರುವ ಅವಳ ತಮ್ಮ ವಿಶ್ವಜಿತನಿಗೆ. ಆ ಹುಡುಗ ಬಂದಾಗಲೆಲ್ಲ ಅಕ್ಕನಿಗಿಂತ ಮೊದಲು ಸೈಕಲ್ಲನ್ನು ಮಾತಾಡಿಸುತ್ತಿದ್ದ. ಮಳೆ, ನೆಗಡಿ, ಸಾಹೇಬರ ಮಗಳ ಮದುವೆ, ಯಾವುದಕ್ಕೂ ಜಗ್ಗದೆ ವಾಸುದೇವ ತುಳಿದಿದ್ದ. ಉಳಿದದ್ದು ಇದೊಂದೇ ದಿನ.

"ದೀಪಾ, ಹಬ್ಬದ ದಿನ ಸ್ವಲ್ಪ ಸಡಿಲ ಬಿಡಬೇಕವಾ" ಎಂದ.

ಅಡಿಗೆಮನೆಯಿಂದ ಉತ್ತರ ಬಂತು. "ಏಕಾದಶಿ ದಿನ ನಾ ಒಂದ ಒಂದು ಭಜಿ ತಿಂತೀನಿ ಅಂದಾಗ, ಶಿಸ್ತು ಅಂದ್ರ ಶಿಸ್ತು ಅಂದವರು ಯಾರ್ರೀ?"

ವಾಸುದೇವ ಕೆಳಗಿನ ಮನೆಯ ವೀರಭದ್ರಪ್ಪನವರ ಬಳಿಗೆ ಓಡಿದ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ಇಡೀ ಅಪಾರ್ಟ್‌ಮೆಂಟಿಗೆ ವ್ಯಾಯಾಮದ ಗುರುಗಳು. ಅವರು ಸೈಕಲ್ ಹತ್ತಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಶಿಸ್ತು ಅಂದ್ರ ಕಬ್ಬಿಣ ಇದ್ದಂಗ, ತಮ್ಮಾ. ಬಗ್ಗಬಾರದು."

"ಹಂಗಾರ ತುಳೀಲೇನ್ರಿ, ಕಾಕಾ?"

"ಆದ್ರ ಬಗ್ಗದ ಕಬ್ಬಿಣ ಮುರೀತೈತಿ. ಸ್ವಲ್ಪ ಬಗ್ಗಬೇಕು."

"ಹಂಗಾರ ಬಿಡ್ಲೇನ್ರಿ?"

"ಬಿಟ್ರ ಜಂಗು ಹಿಡೀತೈತಲ್ಲೋ!"

ವಾಸುದೇವ ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತುಕೊಂಡು ಹೊರಗೆ ಬಂದ. ಬೇರೆ ಯಾರದಾದರೂ ಸೈಕಲ್ ಕೇಳೋಣವೆಂದರೆ ಪಾರ್ಕಿಂಗಿನಲ್ಲಿ ಕುಂಕುಮ ಕಾಣದ ಗಾಲಿಯೇ ಇಲ್ಲ. ವಾಚ್‌ಮನ್ ಬಸುವಿನ ಹಳೆ ಸೈಕಲ್ಲಿಗೂ ಹಾರ, ಕಸದ ಗಾಡಿಗೂ ಹಾರ.

ಮೊದಲ ಮಹಡಿಯ ಶೋಭಾ ಬಾಲ್ಕನಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. "ನಮ್ಮ ಸಿಂಚನಾನ ಸೈಕಲ್ ಐತಲ್ರಿ! ಆಟಿಗಿ ಸಾಮಾನು ಅಂತ ಪೂಜಿ ಮಾಡಿಲ್ಲ."

ಗುಲಾಬಿ ಬಣ್ಣದ ಸೈಕಲ್ ಕೆಳಗೆ ಬಂತು. ಹಿಂದಿನ ಗಾಲಿಗೆ ಎರಡು ಪುಟ್ಟ ಗಾಲಿಗಳ ಆಸರೆ, ಮುಂದೆ ಬುಟ್ಟಿ, ಬುಟ್ಟಿಯಲ್ಲಿ ಗೊಂಬೆ. ಗೋದಾಬಾಯಿ ಕನ್ನಡಕ ಏರಿಸಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲೂ ಕುಂಕುಮ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಹೋಗಿ ಬಾ" ಎಂದಳು.

ತಮ್ಮ ಬಡಾವಣೆ ತಾರ್ನಾಕದ ರಸ್ತೆಯಲ್ಲಿ ವಾಸುದೇವ ಮಡಚಿದ ಕೊಡೆಯ ಹಾಗೆ ಸಾಗಿದ. ಮೊಣಕಾಲು ಕಿವಿಗೆ ತಾಗುತ್ತಿತ್ತು. ಪುಟ್ಟ ಗಾಲಿಗಳ ಗಲಗಲ ಸದ್ದಿಗೆ ನಾಯಿಗಳು ಎದ್ದು ದಾರಿ ಬಿಟ್ಟವು. ಯುನಿವರ್ಸಿಟಿ ಗೇಟಿನ ಬಳಿ ಹೂ ಮಾರುವ ಬಂಡೆಮ್ಮ ಖಾಲಿ ಗೊಂಬೆಬುಟ್ಟಿಯನ್ನೂ ಹೆಲ್ಮೆಟ್ಟನ್ನೂ ನೋಡಿ ಹೌಹಾರಿದಳು. ಗೊಂಬೆ ದಾರಿಯಲ್ಲೆಲ್ಲೋ ಬಿದ್ದಿತ್ತು.

"ಓ ಸಾರೂ, ಪಾಪನೆಕ್ಕಡ ಪಡೇಸಿನವ್?"

ಮಗುವನ್ನು ಎಲ್ಲಿ ಬೀಳಿಸಿದೆಯೆಂದು ಅವಳು ತೆಲುಗಿನಲ್ಲಿ ಕೂಗಿದ್ದೇ ತಡ, ಇಬ್ಬರು ಆಟೋದವರು ರಸ್ತೆಯುದ್ದಕ್ಕೂ ಹುಡುಕಲು ಹೊರಟರು. ಕಾಲು ಕೆಳಗಿಟ್ಟು ವಿವರಿಸಿದರೆ ಸವಾರಿ ಮುರಿದಂತಾಗುತ್ತದೆಯೋ ಏನೋ ಎಂಬ ಅನುಮಾನದಲ್ಲಿ ವಾಸುದೇವ ಅಲ್ಲಲ್ಲೇ ಸುತ್ತು ಹೊಡೆದ. ಒಂದು ಕ್ಷಣ ಅವನೂ ಹೊರಳಿ ಮಗುವನ್ನು ಹುಡುಕಿದ. ಕೊನೆಗೆ ಆಟೋದವನೊಬ್ಬ ಗೊಂಬೆಯನ್ನು ತಂದು ಬುಟ್ಟಿಯಲ್ಲಿಟ್ಟು, ಆಟೋ ಹತ್ತಿ ಹೋದ.

ಮರಳಿ ಬಂದಾಗ ಗೇಟಿನಲ್ಲಿ ಇಡೀ ಅಪಾರ್ಟ್‌ಮೆಂಟು ನಿಂತು ಚಪ್ಪಾಳೆ ತಟ್ಟಿತು. ದೀಪಾಲಿಗೂ ನಗು ತಡೆಯಲಾಗಲಿಲ್ಲ.

"ಗೆದ್ರಿ, ಮಾರಾಯರ. ಕರಾರು ಮುಗೀತು."

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಆಗಿತ್ತು. ಚಪ್ಪಾಳೆ ಅವನ ತಲೆಗೇರಿತ್ತು.

"ಸೈಕಲ್ ಯಾವುದಾದ್ರೇನ? ಮನಸು ಗಟ್ಟಿ ಇರಬೇಕು! ಖರೇ ಹೇಳ್ಲೇನು? ದೊಡ್ಡ ಸೈಕಲ್ಲಿಗಿಂತ ಇದರ ಮ್ಯಾಲೇ ವ್ಯಾಯಾಮ ಭಾಳ ಆತು."

ದೀಪಾಲಿಯ ನಗು ನಿಂತಿತು. "ಖರೇ?"

"ದೇವರಾಣಿ."

"ಹಂಗಾರ ಇದನ್ನ ನೀವೇ ಇಟ್ಕೊಳ್ರಿ" ಎಂದಳು ಶೋಭಾ. "ನಮ್ಮ ಸಿಂಚನಾಗ ಸಣ್ಣದಾಗೇತಿ."

ದೀಪಾಲಿ ಗುಲಾಬಿ ಸೈಕಲ್ಲನ್ನು ಕಣ್ಣಲ್ಲೇ ಅಳೆದಳು. "ಬಾಗಿಲ ಹಿಂದ ಕೂಡತದ. ಸೋಫಾಕ್ಕೂ ಜಾಗಾ ಆತು" ಎನ್ನುತ್ತ ತಮ್ಮನಿಗೆ ಫೋನ್ ಹಚ್ಚಿದಳು.

ವಾಸುದೇವ ವೀರಭದ್ರಪ್ಪನವರ ಮುಖ ನೋಡಿದ.

"ಸ್ವಲ್ಪ ಬಗ್ಗಬೇಕು, ತಮ್ಮಾ" ಎಂದರು ಅವರು.

ಪೂಜೆ ಮಾಡಿದ್ದನ್ನು ಅಂದು ಕದಲಿಸುವಂತಿರಲಿಲ್ಲ. ಆದ್ದರಿಂದ ವಿಶ್ವಜಿತ ಮರುದಿನ ಬೆಳಗಾಗುತ್ತಲೇ ಬಂದ. "ಬಂಗಾರ ತಗೊಂಡು ಬಂಗಾರಧಂಗ ಇರೂಣು, ಮಾಮಾ" ಎಂದು ವಾಸುದೇವನ ಅಂಗೈಗೆ ಬನ್ನಿ ಎಲೆ ಇಟ್ಟು, ಕಾಲಿಗೆ ನಮಸ್ಕಾರ ಮಾಡಿ, ಹಾರದ ಸಮೇತ ಸೈಕಲ್ಲನ್ನು ಮೆಟ್ಟಿಲಿಳಿಸಿಕೊಂಡು ಹೋದ.

ಗೋದಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಳ್ಳೇ ಮನಿ ಸೇರ್ತು ಬಿಡು."

ವಾಸುದೇವ ಅಂಗೈಯಲ್ಲಿದ್ದ ಬಂಗಾರವನ್ನು ನೋಡುತ್ತ ನಿಂತ. ಬೆಳಗಿನ ಅಭ್ಯಾಸಕ್ಕೆ ಹಾಕಿಕೊಂಡಿದ್ದ ಹೆಲ್ಮೆಟ್ ತಲೆಯ ಮೇಲೇ ಇತ್ತು.